ಕಾರಿನ ಬಾಗ್ಲು, ಗ್ಲಾಸು ಹಿಮಕ್ಕೆ ಹಿಡ್ಕೊಳ್ದಂಗೆ ನೋಡ್ಕೊಳ್ಳೋದು ಹೆಂಗೆ: ಚಳಿಗಾಲದಲ್ಲಿ ಚಿಕ್ಕಬಳ್ಳಾಪುರದಿಂದ ಉತ್ತರಕ್ಕೆ ಹೊರಡೋರಿಗೆ

ನಮ್ಮ ಚಿಕ್ಕಬಳ್ಳಾಪುರದ ಪಕ್ಕದಲ್ಲೇ ಹಾದು ಹೋಗೋ ಹೈವೇ ಇದೆಯಲ್ಲ, ಹಳಬರು ಇನ್ನೂ ಸೆವೆನ್ ಹೈವೇ ಅಂತಾನೇ ಕರೀತಾರೆ, ಈಗಿನ ನಂಬರ್ 44, ಅದು ಬಾಗೇಪಲ್ಲಿ ದಾಟಿ ಅನಂತಪುರ, ಹೈದರಾಬಾದ್, ನಾಗಪುರ, ಆಗ್ರಾ, ದಿಲ್ಲಿ ಅಂತ ಹೋಗ್ತಾ ಹೋಗ್ತಾ ಕೊನೆಗೆ ಶ್ರೀನಗರ ಮುಟ್ಟುತ್ತೆ. ಕನ್ಯಾಕುಮಾರಿಯಿಂದ ಲೆಕ್ಕ ಹಾಕಿದ್ರೆ 3,700 ಕಿಲೋಮೀಟರ್‌ಗೂ ಜಾಸ್ತಿ, ಒಂದೇ ರೋಡು. ಮನೆ ಮುಂದಿನ ರೋಡೇ ಹಿಮದ ತನಕ ಹೋಗುತ್ತೆ ಅಂದ್ಮೇಲೆ ನಮ್ ಕಡೆ ಜನ ಸುಮ್ನಿರ್ತಾರಾ, ಈಗ ಕ್ರಿಸ್ಮಸ್ ರಜೆ ಬಂದ್ರೆ ಸಾಕು, ಸ್ವಂತ ಕಾರು ತಗೊಂಡು ಮಕ್ಕಳಿಗೆ ಹಿಮ ತೋರಿಸ್ಕೊಂಡು ಬರ್ತೀವಿ ಅಂತ ಹೊರಡೋರು ಜಾಸ್ತಿ ಆಗಿದ್ದಾರೆ. ಹೋಗ್ಲಿ, ಖುಷಿನೇ. ಆದ್ರೆ ಗಾಡಿ ರೆಡಿ ಮಾಡೋವಾಗ ನಾವು ಟೈರ್ ನೋಡ್ತೀವಿ, ಆಯಿಲ್ ನೋಡ್ತೀವಿ, ಬ್ರೇಕ್ ನೋಡ್ತೀವಿ, ಬಾಗ್ಲು ಕಡೆ ಯಾರೂ ತಿರುಗಿ ನೋಡಲ್ಲ. ಕಾರಿನ ಬಾಗ್ಲು ಬೆಳಗ್ಗೆ ಎದ್ದಾಗ ತೆಗಿಯೋಕೇ ಬರಲ್ಲ ಅನ್ನೋ ಪರಿಸ್ಥಿತಿ ನಮ್ಮ ಬಯಲುಸೀಮೆಯವರ ತಲೆಗೆ ಹೊಳಿಯೋದೇ ಇಲ್ಲ.

ನಮಗೂ ಹೊಳ್ದಿರ್ಲಿಲ್ಲ. ಎರಡು ವರ್ಷದ ಹಿಂದೆ ಜನವರಿ ಮೊದಲ ವಾರ ನಾನು, ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಮನಾಲಿಗೆ ಹೋಗಿದ್ವಿ, ಸೋಲಂಗ್ ಕಡೆ ಒಂದು ಹೋಮ್‌ಸ್ಟೇನಲ್ಲಿ ಇಳ್ಕೊಂಡಿದ್ವಿ. ಆವತ್ತು ಇಡೀ ದಿನ ಅಟಲ್ ಟನೆಲ್ ಆಚೆ ಕಡೆ ಸುತ್ತಾಡಿದ್ದು, ಕರಗಿದ ಹಿಮದ ರಾಡಿ ಚಕ್ರದಿಂದ ಎರಚಿ ಬಾಗ್ಲೆಲ್ಲಾ ಒದ್ದೆ, ಒಳಗಡೆ ಐದು ಜನದ ಒದ್ದೆ ಶೂ, ಹೀಟರ್ ಫುಲ್ಲು, ಗ್ಲಾಸ್ ಎಲ್ಲಾ ಬೆವರ್ತಾ ಇತ್ತು. ಹಂಗೇ ತಂದು ನಿಲ್ಲಿಸಿ ಲಾಕ್ ಮಾಡಿ ಮಲ್ಕೊಂಡ್ವಿ. ಬೆಳಗಿನ ಜಾವ ಚಿಕ್ಕವನಿಗೆ ವೀಸಿಂಗ್ ಶುರುವಾಯ್ತು, ನೆಬ್ಯುಲೈಸರ್ ಇರೋ ಬ್ಯಾಗು ಕಾರಲ್ಲಿ. ಭಾವ ಓಡಿ ಹೋಗಿ ಹ್ಯಾಂಡಲ್ ಎಳೀತಾರೆ, ಲಾಕ್ ತೆಗ್ದಿದೆ, ಲೈಟ್ ಮಿಣುಕ್ತು, ಬಾಗ್ಲು ಮಾತ್ರ ಗೋಡೆ ಆದಂಗೆ ಅಲ್ಲಾಡಲ್ಲ. ಮಗು ಉಸಿರಿಗೆ ಒದ್ದಾಡ್ತಿರೋವಾಗ ಯಾರಿಗೆ ತಾಳ್ಮೆ ಇರುತ್ತೆ, ಜೋರಾಗಿ ಎಳೆದ್ರು, ಹ್ಯಾಂಡಲ್ ಮುರಿದು ಕೈಗೇ ಬಂತು. ಪಕ್ಕದಲ್ಲಿ ಟ್ಯಾಕ್ಸಿ ಓಡಿಸೋ ಒಬ್ಬ ಅಲ್ಲಿನ ಹುಡುಗ ಸದ್ದು ಕೇಳಿ ಬಂದು ಬೇರೆ ಬಾಗ್ಲಿಗೆ ಹೋಗಿ, ಎಳೀದೇ, ಸೊಂಟದಿಂದ ಒಳಕ್ಕೆ ಒತ್ತಿದ, ಅಂಚು ಅಂಚಿಗೂ ಒತ್ತಿದ, ಒಳಗೆ ಚಟಚಟ ಅಂತು, ಆಮೇಲೆ ನಿಧಾನಕ್ಕೆ ತೆಗೆದ. ಬ್ಯಾಗು ಸಿಕ್ತು, ಮಗು ಸುಧಾರಿಸ್ಕೊಳ್ತು. ಆ ಹತ್ತು ನಿಮಿಷ ನಮ್ಮನೇಲಿ ಯಾರೂ ಮರ್ತಿಲ್ಲ, ಅದಕ್ಕೇ ಇಷ್ಟು ಉದ್ದಕ್ಕೆ ಬರೀತಾ ಇದ್ದೀನಿ.

ಬಾಗ್ಲು ಯಾಕೆ ಹಿಡ್ಕೊಳ್ಳುತ್ತೆ

ಬಾಗ್ಲು ಸುತ್ತಾ ರಬ್ಬರ್ ಬೀಡಿಂಗ್ ಇರುತ್ತೆ, ಬಾಗ್ಲು ಹಾಕಿದಾಗ ಅದು ಬಾಡಿಗೆ ಒತ್ಕೊಂಡು ಕೂತ್ಕೊಳ್ಳುತ್ತೆ. ಆ ರಬ್ಬರ್‌ಗೂ ತಗಡಿಗೂ ಮಧ್ಯೆ ನೀರಿನ ಒಂದು ತೆಳು ಪದರ ಇದ್ರೆ ಸಾಕು, ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದ ತಕ್ಷಣ ಅದು ಐಸ್ ಆಗಿ ಗೋಂದು ಹಾಕಿದಂಗೆ ಎರಡನ್ನೂ ಅಂಟಿಸಿಬಿಡುತ್ತೆ. ಎಷ್ಟೇ ಚಳಿ ಇರ್ಲಿ, ಬೀಡಿಂಗ್ ಒಣಗಿದ್ರೆ ಬಾಗ್ಲು ಹಿಡ್ಕೊಳ್ಳಲ್ಲ. ಹಾಗಾಗಿ ನಾವು ಮಾಡೋ ಕೆಲಸ ಎಲ್ಲಾ ನೀರು ಅಲ್ಲಿ ನಿಲ್ಲದಂಗೆ ನೋಡ್ಕೊಳ್ಳೋದು, ಅಷ್ಟೇ. ನೀರು ಎಲ್ಲಿಂದ ಬರುತ್ತೆ ಅಂದ್ರೆ, ಕರಗಿದ ಹಿಮ, ಮಳೆ, ಗಾಡಿ ತೊಳೆದಿದ್ದು, ಮತ್ತೆ ಒಂದನ್ನ ಯಾರೂ ಲೆಕ್ಕಕ್ಕೆ ತಗೊಳಲ್ಲ, ನಮ್ಮ ಉಸಿರು. ಐದು ಜನ ಗ್ಲಾಸ್ ಏರಿಸ್ಕೊಂಡು ಕೂತ್ರೆ ಉಸಿರಿನ ತೇವಾನೇ ಗ್ಲಾಸಿಗೆ, ಬೀಡಿಂಗ್‌ಗೆ ಕೂತು ಹೊರಗಿನ ಚಳಿಗೆ ಗಟ್ಟಿ ಆಗುತ್ತೆ.

ನಮ್ಮೂರಲ್ಲಿ ಧನುರ್ಮಾಸದಲ್ಲಿ ಅವರೆಕಾಯಿಗೆ ಸೊಗಡು ಹಿಡಿಸೋ ಇಬ್ಬನಿ ಬೀಳುತ್ತಲ್ಲ, ಬೆಳಗ್ಗೆ ಕಾರಿನ ಮೇಲೆ ಬೆರಳಲ್ಲಿ ಹೆಸರು ಬರಿಬೋದು ಅಷ್ಟು, ಅದೇ ಇಬ್ಬನಿ ಸೊನ್ನೆಗಿಂತ ಕೆಳಗೆ ಬಿದ್ರೆ ಬಿಳಿ ಹಿಮದ ಪುಡಿ ಆಗಿ ಕೂರುತ್ತೆ. ನಂದಿ ಬೆಟ್ಟದ ತುದಿಲೂ ಅಷ್ಟು ಇಳಿಯಲ್ಲ, 1,478 ಮೀಟರ್ ಎತ್ತರ ಇದ್ರೂನೂ. ಅದಕ್ಕೇ ನಮಗೆ ಇದರ ಅಭ್ಯಾಸ ಇಲ್ಲ.

ಊರು ಬಿಡೋಕೆ ಮುಂಚೆ

ಅರ್ಧಕ್ಕಿಂತ ಜಾಸ್ತಿ ಕೆಲಸ ಇಲ್ಲೇ, ಮನೆ ಮುಂದೆ, ನಮ್ಮ ಬಿಸಿಲಲ್ಲೇ ಮುಗಿಸ್ಬೇಕು. ಹೊರಡೋ ಒಂದು ವಾರ ಮುಂಚೆ ಮಾಡಿ, ಹಿಂದಿನ ದಿನ ಅಂತ ಇಟ್ಕೊಂಡ್ರೆ ಪ್ಯಾಕಿಂಗ್ ಗಲಾಟೆಲಿ ಬಿಟ್ಟೋಗುತ್ತೆ.

ಮೊದಲು ಬೀಡಿಂಗ್ ಕ್ಲೀನ್ ಮಾಡಿ. ನಮ್ ಜಿಲ್ಲೇಲಿ ಜಲ್ಲಿ ಕ್ರಷರ್ ಪಕ್ಕದಲ್ಲಿ ಓಡಾಡೋ ಗಾಡಿಗಳ ಬೀಡಿಂಗ್ ಒಳಗೆ ಒಂದ್ಸಲ ಬೆರಳು ಹಾಕಿ ನೋಡಿ, ಬೂದಿ ಥರ ಕಲ್ಲಿನ ಪುಡಿ ಬರುತ್ತೆ. ಆ ಪುಡಿ ತೇವ ಹೀರ್ಕೊಂಡು ಹಿಡ್ಕೊಳ್ಳುತ್ತೆ, ರಬ್ಬರ್ ಸರಿಯಾಗಿ ಕೂರೋಕೂ ಬಿಡಲ್ಲ. ಬಕೆಟ್ ನೀರಿಗೆ ಎರಡು ಹನಿ ಶಾಂಪೂ ಹಾಕಿ ಮೆತ್ತನೆ ಬಟ್ಟೇಲಿ ನಾಲ್ಕು ಬಾಗ್ಲು, ಡಿಕ್ಕಿ ಎಲ್ಲದರ ಬೀಡಿಂಗೂ ಒರೆಸಿ, ಬಾಡಿ ಕಡೆ ಅದು ಒತ್ತೋ ಜಾಗಾನೂ ಒರೆಸಿ, ಬಾಗ್ಲುಗಳನ್ನ ತೆಗ್ದಿಟ್ಟು ಬಿಸಿಲಲ್ಲಿ ಪೂರ್ತಿ ಒಣಗಿಸಿ. ಒರೆಸ್ತಾನೇ ನೋಡ್ಕೊಳ್ಳಿ, ಎಲ್ಲಾದ್ರೂ ಬೀಡಿಂಗ್ ಹರಿದಿದ್ಯಾ, ಮೂಲೇಲಿ ಕಿತ್ಕೊಂಡಿದ್ಯಾ, ಚಪ್ಪಟೆ ಆಗಿ ಸತ್ತೋಗಿದ್ಯಾ ಅಂತ. ಹರಿದಿದ್ರೆ ಬದಲಾಯ್ಸಿ, ಯಾಕಂದ್ರೆ ನೀರು ಸೇರೋದೇ ಅಲ್ಲಿ.

ಆಮೇಲೆ ಬಾಗ್ಲಿನ ತಳ ನೋಡಿ. ಪ್ರತಿ ಬಾಗ್ಲಿನ ಕೆಳ ಅಂಚಲ್ಲಿ ಎರಡು ಮೂರು ಸಣ್ಣ ತೂತು ಇರುತ್ತೆ, ಗ್ಲಾಸ್ ಪಕ್ಕದಿಂದ ಬಾಗ್ಲೊಳಗೆ ಇಳಿದ ನೀರು ಹೊರಗೆ ಹೋಗೋಕೆ ಅಂತ ಕಂಪನಿಯವರೇ ಬಿಟ್ಟಿರೋದು. ಅದು ಮಣ್ಣಿಂದ ಮುಚ್ಚೋಗಿದ್ರೆ ನೀರು ಬಾಗ್ಲೊಳಗೇ ನಿಲ್ಲುತ್ತೆ, ನಮ್ಮೂರಲ್ಲಿ ಅದು ತುಕ್ಕಾಗುತ್ತೆ, ಅಲ್ಲಿ ಐಸಾಗುತ್ತೆ. ಊದುಬತ್ತಿ ಕಡ್ಡಿ ಹಾಕಿ ತೂತು ಬಿಡಿಸಿ, ಸಾಕು.

ಈಗ ಮುಖ್ಯ ಕೆಲಸ, ಸಿಲಿಕೋನ್. ಬಿಡಿ ಭಾಗ ಮಾರೋ ಅಂಗಡೀಲಿ ಸಿಲಿಕೋನ್ ಸ್ಪ್ರೇ ಅಂತ ಕೇಳಿ, ಇಲ್ಲಾ ಸಿಲಿಕೋನ್ ಗ್ರೀಸ್ ಚಿಕ್ಕ ಟ್ಯೂಬು ಸಿಗುತ್ತೆ. ನೇರ ಬೀಡಿಂಗ್ ಮೇಲೆ ಹೊಡೀಬೇಡಿ, ಸೀಟಿಗೆ, ಗ್ಲಾಸಿಗೆ ಎಲ್ಲಾ ಹಾರುತ್ತೆ, ಬಟ್ಟೆ ಮೇಲೆ ಹೊಡ್ಕೊಂಡು ಬೀಡಿಂಗ್ ಉದ್ದಕ್ಕೂ ತೆಳ್ಳಗೆ ಸವರಿ, ಐದು ನಿಮಿಷ ಬಿಟ್ಟು ಒಣ ಬಟ್ಟೇಲಿ ಒಂದ್ಸಲ ಒರೆಸಿ. ಸಿಲಿಕೋನ್ ಪದರದ ಮೇಲೆ ನೀರು ನಿಲ್ಲಲ್ಲ, ಕೆಸವಿನ ಎಲೆ ಮೇಲೆ ಬಿದ್ದಂಗೆ ಮುತ್ತಾಗಿ ಉರುಳಿ ಹೋಗುತ್ತೆ, ಅಕಸ್ಮಾತ್ ಐಸ್ ಆದ್ರೂ ರಬ್ಬರ್‌ಗೆ ಗಟ್ಟಿಯಾಗಿ ಕಚ್ಕೊಳ್ಳಲ್ಲ. ಟ್ರಿಪ್ ಉದ್ದ ಇದ್ರೆ ಡಬ್ಬಿ ಜೊತೇಲೇ ಇಟ್ಕೊಳ್ಳಿ, ಬೆಟ್ಟ ಹತ್ತೋ ಹಿಂದಿನ ದಿನ ಇನ್ನೊಂದ್ಸಲ ಸವರ್ಬೇಕು, ಅಷ್ಟೊತ್ತಿಗೆ ಎರಡೂವರೆ ಸಾವಿರ ಕಿಲೋಮೀಟರ್ ಧೂಳು ಕೂತಿರುತ್ತೆ.

ಇಲ್ಲಿ ನಮ್ಮೋರು ಮಾಡೋ ತಪ್ಪು ಒಂದಿದೆ. ಎಣ್ಣೆ ತಾನೇ, ಮನೇಲಿರೋ ಕೊಬ್ಬರಿ ಎಣ್ಣೆ ಸವರಿದ್ರಾಯ್ತು ಅಂತ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಗಟ್ಟಿ ಆಗೋ ಪದಾರ್ಥ, ಡಿಸೆಂಬರ್ ಬೆಳಗ್ಗೆ ನಮ್ ಬಚ್ಚಲ ಮನೇಲೇ ಬಾಟಲೀಲಿ ಕಲ್ಲಾಗಿರುತ್ತಲ್ಲ, ಅದು ಮೈನಸ್ಸಲ್ಲಿ ಮೇಣದ ಥರ ಬಾಗ್ಲನ್ನ ಇನ್ನೂ ಹಿಡಿಯುತ್ತೆ. ಅಡುಗೆ ಎಣ್ಣೆ ಜಿಡ್ಡಾಗಿ ಧೂಳು ಹಿಡ್ಕೊಳ್ಳುತ್ತೆ. ಇಂಜಿನ್ ಆಯಿಲ್, ಸೀಮೆಎಣ್ಣೆ, ಚಕ್ರಕ್ಕೆ ಹಾಕೋ ಮಾಮೂಲಿ ಗ್ರೀಸು ಇವಂತೂ ಬೇಡ್ವೇ ಬೇಡ, ಪೆಟ್ರೋಲಿಯಂ ಪದಾರ್ಥ ತಗುಲಿದ್ರೆ ಬಾಗ್ಲಿನ ರಬ್ಬರ್ ಊದ್ಕೊಂಡು ಮೆತ್ತಗಾಗಿ ಹಾಳಾಗುತ್ತೆ. ಸಿಲಿಕೋನ್ ಸಿಗ್ಲೇ ಇಲ್ಲ ಅಂದ್ರೆ ಮೆಡಿಕಲ್ ಸ್ಟೋರಲ್ಲಿ ಸಿಗೋ ಗ್ಲಿಸರಿನ್‌ಗೆ ಸ್ವಲ್ಪ ನೀರು ಬೆರೆಸಿ ಸವರ್ಬೋದು, ಎರಡು ಭಾಗ ಗ್ಲಿಸರಿನ್‌ಗೆ ಒಂದು ಭಾಗ ನೀರು ಬೆರೆಸಿದ್ರೆ ಅದು ಚಳಿಗೆ ಸುಲಭಕ್ಕೆ ಗಟ್ಟಿ ಆಗಲ್ಲ, ರಬ್ಬರ್‌ಗೂ ಹಾನಿ ಇಲ್ಲ, ಆದ್ರೆ ನೀರು ಬಿದ್ರೆ ತೊಳೆದೋಗುತ್ತೆ, ದಿನಾ ಸವರ್ಬೇಕು.

ಗ್ಲಾಸ್ ಇಳಿಯೋ ಚಾನೆಲ್ ಮರೀಬೇಡಿ. ಗ್ಲಾಸ್ ಇಳಿಸಿ, ಎರಡು ಪಕ್ಕದ ಚಾನೆಲ್ ಒಳಗೆ ಬಟ್ಟೆ ಸುತ್ತಿದ ತೆಳು ಸ್ಕೇಲ್ ತೂರಿಸಿ ಧೂಳು ತೆಗೀರಿ, ಆಮೇಲೆ ಸ್ಪ್ರೇ ಜೊತೆ ಬರೋ ಸಣ್ಣ ಕೊಳವೇಲಿ ಒಳಕ್ಕೆ ಒಂದೊಂದು ಸಲ ಹೊಡ್ದು ಗ್ಲಾಸನ್ನ ನಾಲ್ಕೈದು ಸಲ ಮೇಲೆ ಕೆಳಗೆ ಆಡಿಸಿ. ಗ್ಲಾಸ್ ಮೇಲೆ ಜಿಡ್ಡು ಮೂಡಿದ್ರೆ ಒರೆಸ್ಬಿಡಿ. ಹಿಮದೂರಿಗೆ ಹೋಗ್ದೇ ಇರೋರೂ ಈ ಒಂದು ಕೆಲಸ ಮಾಡಿ ನೋಡಿ, ನಮ್ಮೂರಲ್ಲಿ ಚಳಿಗಾಲದ ಬೆಳಗ್ಗೆ ಗ್ಲಾಸು ಕೀಂಯ್ ಅಂತ ಅಳ್ತಾ ಇಳಿಯುತ್ತಲ್ಲ, ಕ್ರಷರ್ ಧೂಳೂ ಇಬ್ಬನೀನೂ ಸೇರಿ ಚಾನೆಲ್ ಹಿಡಿದಿರುತ್ತೆ, ಅದು ಹಗುರ ಆಗುತ್ತೆ, ಮೋಟ್ರಿಗೂ ಆಯುಷ್ಯ.

ಕೀ ವಿಷಯ. ಬಟನ್ ಕೀ ಆದ್ರೂ ಒಳಗೊಂದು ಲೋಹದ ಕೀ ಅಡಗಿರುತ್ತೆ, ಅದನ್ನ ಈಗ್ಲೇ ತೆಗ್ದು ಡ್ರೈವರ್ ಬಾಗ್ಲಿಗೆ ಹಾಕಿ ತಿರುಗುತ್ತಾ ನೋಡಿ. ಎಷ್ಟೋ ಗಾಡೀಲಿ ವರ್ಷಾನುಗಟ್ಟಲೆ ಮುಟ್ದೇ ತೂತು ಧೂಳಿಂದ ಕಟ್ಟಿರುತ್ತೆ. ಲಾಕ್ ತೂತಿಗೆ ಗ್ರಾಫೈಟ್ ಪುಡಿ ಊದಿ, ನೀರಂತೂ ಹಾಕ್ಬೇಡಿ. ಚಳಿಗೆ ಕೀ ಒಳಗಿನ ಸೆಲ್ಲೂ ಮಂಕಾಗುತ್ತೆ, ಹೊಸದು ಹಾಕಿಸ್ಕೊಳ್ಳಿ.

ಕೊನೇದಾಗಿ ಬೋರ್ ನೀರು. ವೈಪರ್ ನೀರಿನ ಡಬ್ಬಿಗೆ ನಾವೆಲ್ಲಾ ಬೋರ್ ನೀರು ತುಂಬೋದೇ ಅಭ್ಯಾಸ, ಕೆಲವರು ರೇಡಿಯೇಟರ್‌ಗೂ ಅದನ್ನೇ ಸುರಿತಾರೆ. ಬರೀ ನೀರು ಅಲ್ಲಿ ಐಸ್ ಆಗಿ ಹಿಗ್ಗುತ್ತೆ, ಡಬ್ಬಿ, ಪೈಪು ಸೀಳುತ್ತೆ, ರೇಡಿಯೇಟರ್ ಆದ್ರೆ ಇಂಜಿನ್‌ಗೇ ಕುತ್ತು. ಕೂಲೆಂಟ್ ಪೂರ್ತಿ ಇಳಿಸಿ ಕೂಲೆಂಟೂ ಡಿಸ್ಟಿಲ್ಡ್ ವಾಟರ್ರೂ ಅರ್ಧಕ್ಕರ್ಧ ಹಾಕಿಸಿ, ಆ ಹದದಲ್ಲಿ ಮೈನಸ್ 35 ತನಕ ತಡ್ಕೊಳ್ಳುತ್ತೆ. ವೈಪರ್ ಡಬ್ಬಿ ಖಾಲಿ ಮಾಡಿ ಚಳಿಗೆ ಅಂತಾನೇ ಬರೋ ವಾಷರ್ ದ್ರಾವಣ ಹಾಕಿ, ಆ ಕಡೆ ಪೆಟ್ರೋಲ್ ಬಂಕುಗಳ ಹತ್ರ ಕೇಳಿ ನೋಡಿ.

ದಿನಾ ಸಾಯಂಕಾಲ ಮಾಡೋದು

ಬೆಳಗ್ಗೆ ಬಾಗ್ಲು ತೆಗಿಯುತ್ತೋ ಇಲ್ವೋ ಅನ್ನೋದು ಹಿಂದಿನ ಸಾಯಂಕಾಲ ನೀವು ಗಾಡಿ ಹೆಂಗೆ ನಿಲ್ಲಿಸಿದ್ರಿ ಅನ್ನೋದ್ರ ಮೇಲೆ ನಿಂತಿದೆ. ರೂಮ್ ಮುಟ್ಟೋಕೆ ಹತ್ತು ನಿಮಿಷ ಇರೋವಾಗ ಹೀಟರ್ ಜೊತೆ ಎಸಿನೂ ಹಾಕಿ, ಗಾಳಿ ಹೊರಗಡೆಯಿಂದ ಬರೋ ಥರ ಬಟನ್ ಇಡಿ. ಚಳೀಲಿ ಎಸಿ ಯಾಕೆ ಅಂತ ಅಕ್ಕ ನನ್ನ ಕೇಳಿದ್ಲು, ಎಸಿ ಗಾಳಿಯೊಳಗಿನ ತೇವ ಹಿಂಡಿ ತೆಗಿಯುತ್ತೆ, ಹೀಟರ್ ಅದನ್ನ ಬೆಚ್ಚಗೆ ಮಾಡುತ್ತೆ, ಎರಡೂ ಸೇರಿದ್ರೆ ಒಳಗೆಲ್ಲಾ ಒಣಗುತ್ತೆ. ನಮ್ಮೂರ ಮಂಜಲ್ಲಿ ದೇವನಹಳ್ಳಿ ಕಡೆ ಬೆಳಗ್ಗೆ ಏರ್‌ಪೋರ್ಟಿಗೆ ಹೋಗೋವಾಗ ಮುಂದಿನ ಗ್ಲಾಸ್ ಮಬ್ಬಾದ್ರೂ ಇದೇ ಉಪಾಯ.

ನಿಲ್ಲಿಸಿದ ಮೇಲೆ ಎಲ್ಲಾ ಬಾಗ್ಲೂ ಒಂದೆರಡು ನಿಮಿಷ ತೆಗೆದು ಬಿಡಿ, ಒಳಗಿನ ಬಿಸಿ ತೇವದ ಗಾಳಿ ಹೊರಗೆ ಹೋಗ್ಲಿ. ಮ್ಯಾಟ್ ಮೇಲಿರೋ ಹಿಮ ಕೊಡವಿ, ಒದ್ದೆ ಶೂ, ಜರ್ಕಿನ್ ರೂಮಿಗೆ ತಗೊಂಡೋಗಿ. ಒಣ ಬಟ್ಟೇಲಿ ನಾಲ್ಕು ಬಾಗ್ಲಿನ ಬೀಡಿಂಗ್, ಅದರಲ್ಲೂ ಕೆಳಗಿನ ಅಂಚು, ಒರೆಸಿ. ಐದು ನಿಮಿಷದ ಕೆಲಸ, ಕೈ ಮರಗಟ್ಟುತ್ತೆ, ಬೇಜಾರಾಗುತ್ತೆ, ಆದ್ರೂ ಮಾಡಿ. ರಾತ್ರಿ ಹಿಮ ಬೀಳೋ ಸೂಚನೆ ಇದ್ರೆ ಉದ್ದಕ್ಕೆ ಸೀಳಿದ ಪ್ಲಾಸ್ಟಿಕ್ ಕವರ್‌ನ ಡ್ರೈವರ್ ಬಾಗ್ಲಿನ ಬೀಡಿಂಗ್‌ಗೂ ಬಾಡಿಗೂ ಮಧ್ಯೆ ಬರೋ ಹಂಗೆ ಇಟ್ಟು ಬಾಗ್ಲು ಹಾಕಿ, ರಬ್ಬರ್ ತಗಡಿಗೆ ತಾಗೋದೇ ಇಲ್ಲ ಅಂದ್ಮೇಲೆ ಅಂಟೋದೆಲ್ಲಿ. ಎಲ್ಲಾ ಗ್ಲಾಸೂ ಪೂರ್ತಿ ಏರಿಸಿ, ಒಂದು ಬೆರಳು ಸಂದು ಬಿಟ್ರೂ ಹಿಮ ಒಳಗೆ ಬಂದು ಚಾನೆಲ್ ಕಟ್ಟುತ್ತೆ.

ಸೂರು, ಶೆಡ್ಡು ಸಿಕ್ರೆ ಅದರ ಕೆಳಗೆ ನಿಲ್ಸಿ, ಬಯಲಲ್ಲಿ ನಿಂತ ಗಾಡಿ ಮೇಲೆ ಬೀಳೋ ಅಷ್ಟು ಹಿಮದ ಪುಡಿ ಅಲ್ಲಿ ಬೀಳಲ್ಲ. ಸಿಗ್ದಿದ್ರೆ ಗಾಡಿ ಮುಖ ಪೂರ್ವಕ್ಕೆ ಇರ್ಲಿ, ಬೆಳಗಿನ ಬಿಸಿಲು ನೇರ ಗ್ಲಾಸಿಗೆ ಬೀಳುತ್ತೆ. ವೈಪರ್ ಆಫ್ ಮಾಡಿಯೇ ಇಂಜಿನ್ ಆಫ್ ಮಾಡಿ, ಇಲ್ದಿದ್ರೆ ಬೆಳಗ್ಗೆ ಕೀ ತಿರುಗಿಸಿದ ಕೂಡ್ಲೇ ಅಂಟ್ಕೊಂಡಿರೋ ವೈಪರ್ ಓಡೋಕೆ ಹೋಗಿ ಫ್ಯೂಸ್ ಇಲ್ಲಾ ಮೋಟ್ರು ಸುಡುತ್ತೆ, ವೈಪರ್ ಕಡ್ಡಿಗಳನ್ನ ಎತ್ತಿ ನಿಲ್ಸಿ. ಲಾಕ್ ಮಾಡಿದಾಗ ತಾನೇ ಮಡಚ್ಕೊಳ್ಳೋ ಕನ್ನಡಿ ಇದ್ರೆ ಆ ಸೆಟ್ಟಿಂಗ್ ತೆಗೀರಿ. ಹ್ಯಾಂಡ್ ಬ್ರೇಕ್ ಎಳೀಬೇಡಿ, ಒದ್ದೆ ಬ್ರೇಕ್ ಹಂಗೇ ಹಿಡ್ಕೊಳ್ಳುತ್ತೆ, ಸಮತಟ್ಟು ಜಾಗ ನೋಡಿ ಗೇರಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಒದ್ದೆ ಬಟ್ಟೆ ಕಾರ್ ಕವರ್ ಹೊದಿಸ್ಬೇಡಿ, ಅದು ಬೆಳಗ್ಗೆ ತಗಡಿನ ಹಾಳೆ ಆಗಿ ಪೇಂಟಿಗೆ ಅಂಟಿರುತ್ತೆ.

ಬೆಳಗ್ಗೆ ಹಿಡ್ಕೊಂಡೇ ಬಿಟ್ಟಿದ್ರೆ

ಎಳೀಬೇಡಿ. ಹ್ಯಾಂಡಲ್ ಪ್ಲಾಸ್ಟಿಕ್, ಚಳೀಲಿ ಇನ್ನೂ ಪೆಡಸು, ಮುರಿಯುತ್ತೆ, ಅದಕ್ಕಿಂತ ಕೆಟ್ಟದ್ದು ಅಂದ್ರೆ ಐಸ್‌ಗೆ ಅಂಟಿದ ಬೀಡಿಂಗ್ ಹರ್ಕೊಂಡು ಬರುತ್ತೆ, ಆಮೇಲೆ ದಿನಾ ನೀರು ಒಳಗೆ. ಮೊದಲು ಬಾಗ್ಲಿನ ಸಂದಲ್ಲಿರೋ ಹಿಮ ಕೈಯಿಂದ ಒರೆಸಿ. ಆಮೇಲೆ ಅಂಗೈ ಇಲ್ಲಾ ಸೊಂಟ ಕೊಟ್ಟು ಬಾಗ್ಲನ್ನ ಒಳಕ್ಕೆ ಒತ್ತಿ, ಹ್ಯಾಂಡಲ್ ಹತ್ರ, ಕೆಳ ಮೂಲೆ, ಮೇಲಿನ ಮೂಲೆ, ಹಿಂಗೆ ಸುತ್ತಾ. ಗುದ್ದೋದು ಬೇಡ, ಭಾರ ಬಿಟ್ಟು ಒತ್ತೋದು. ಒತ್ತಿದಾಗ ರಬ್ಬರ್ ಅಮುಕಿ ಮಧ್ಯದ ಐಸ್ ಪುಡಿ ಆಗುತ್ತೆ. ಆಮೇಲೆ ಮೆಲ್ಲಗೆ ಹ್ಯಾಂಡಲ್ ಎತ್ತಿ. ಬರ್ಲಿಲ್ವಾ, ಬೇರೆ ಬಾಗ್ಲು ನೋಡಿ, ಬಿಸಿಲು ಬೀಳೋ ಕಡೇದು ಮೊದಲು, ಆಮೇಲೆ ಡಿಕ್ಕಿ. ಯಾವುದಾದ್ರೂ ಒಂದರಿಂದ ಒಳಗೆ ಹೋದ್ರೆ ಉಳಿದವನ್ನ ಒಳಗಿಂದ ಭುಜ ಕೊಟ್ಟು ತಳ್ಳೋದು ಸುಲಭ. ಹಿಂದಿನ ಬಾಗ್ಲಿಗೆ ಚೈಲ್ಡ್ ಲಾಕ್ ಹಾಕಿದ್ರೆ ಒಳಗಿಂದ ತೆಗಿಯಲ್ಲ ಅನ್ನೋದು ನೆನಪಿರ್ಲಿ.

ಆಗ್ಲೂ ಬರ್ಲಿಲ್ಲ ಅಂದ್ರೆ ಸ್ಪ್ರೇ. ಐಸೊಪ್ರೊಪೈಲ್ ಆಲ್ಕೋಹಾಲ್ ಅಂತ ಮೊಬೈಲ್ ರಿಪೇರಿಯವರು ಬೋರ್ಡ್ ಒರೆಸೋಕೆ ಬಳಸ್ತಾರೆ, ನಮ್ಮ ಬಿಬಿ ರೋಡ್ ಅಂಗಡಿಗಳಲ್ಲಿ ಕೇಳಿದ್ರೆ ಎಲ್ಲಿ ಸಿಗುತ್ತೆ ಹೇಳ್ತಾರೆ. ಅದು ಎರಡು ಪಾಲು, ನೀರು ಒಂದು ಪಾಲು ಬೆರೆಸಿ ಸ್ಪ್ರೇ ಬಾಟಲೀಲಿ ತುಂಬ್ಕೊಳ್ಳಿ, ಸಂದಿಗೆ ಹೊಡೆದ್ರೆ ಐಸ್ ಕರಗುತ್ತೆ, ತಾನು ಹೆಪ್ಪುಗಟ್ಟಲ್ಲ. ಲಾಕ್ ತೂತು ಕಟ್ಟಿದ್ರೆ ಆಲ್ಕೋಹಾಲ್ ಇರೋ ಹ್ಯಾಂಡ್ ಸ್ಯಾನಿಟೈಸರ್ ಕೀಗೆ ಸವರಿ ನಿಧಾನಕ್ಕೆ ತೂರಿಸಿ. ಬೆಂಕಿ ಹತ್ತೋ ಪದಾರ್ಥ ಇವು, ಪಕ್ಕದಲ್ಲಿ ಬೀಡಿ, ಲೈಟರ್ ಬೇಡ. ಕೀನ ಲೈಟರಲ್ಲಿ ಕಾಯ್ಸೋದೂ ಬೇಡ, ಒಳಗಿನ ಚಿಪ್ ಸತ್ರೆ ಗಾಡಿ ಸ್ಟಾರ್ಟೇ ಆಗಲ್ಲ.

ಬಾಟಲಿ ಎಲ್ಲಿಡ್ತೀರಿ ಅನ್ನೋದು ಇನ್ನೂ ಮುಖ್ಯ, ಕಾರೊಳಗಿಟ್ರೆ ಬಾಗ್ಲು ತೆಗಿಯೋ ಔಷಧಿ ಬಾಗ್ಲೊಳಗೇ ಉಳೀತು. ರೂಮಲ್ಲಿ ತಲೆದಿಂಬಿನ ಪಕ್ಕ ಇರ್ಲಿ.

ಬಿಸಿನೀರು ಸುರೀಬೇಡಿ, ಇದನ್ನ ಎಷ್ಟು ಸಲ ಹೇಳಿದ್ರೂ ಸಾಲದು. ಸ್ನಾನಕ್ಕೆ ಕಾಯ್ಸಿದ ಬಕೆಟ್ ಕೈಗೆ ಸಿಗುತ್ತೆ, ಸುರಿಯೋಣ ಅನ್ಸುತ್ತೆ, ಮೈನಸ್ಸಲ್ಲಿರೋ ಗ್ಲಾಸಿಗೆ ಬಿಸಿ ತಾಗಿದ್ರೆ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಂಗೇ ಇದ್ದು ಬಿರುಕು ಬಿಡುತ್ತೆ, ಬಿಡದಿದ್ರೂ ಆ ನೀರು ಸಂದಿಗೆ ಇಳಿದು ಕಾಲು ಗಂಟೇಲಿ ಇನ್ನೂ ಗಟ್ಟಿ ಐಸ್ ಆಗುತ್ತೆ. ಗ್ಲಾಸ್ ಮೇಲಿನ ಐಸ್ ಕೆರೆಯೋಕೆ ಪ್ಲಾಸ್ಟಿಕ್ ಸ್ಕ್ರೇಪರ್, ಇಲ್ಲಾ ಹಳೇ ಎಟಿಎಂ ಕಾರ್ಡ್, ದೋಸೆ ಮಗುಚೋ ಸ್ಟೀಲ್ ಕೈ ತಗೊಂಡ್ರೆ ಗೀರು ಜೀವನಪರ್ಯಂತ.

ಒಳಗೆ ಕೂತ ತಕ್ಷಣ ಪವರ್ ವಿಂಡೋ ಬಟನ್ ಒತ್ತೋ ಅಭ್ಯಾಸ ನಮಗೆಲ್ಲಾ ಇದೆ, ಟೋಲ್ ಇರ್ಲಿ, ಯಾರನ್ನಾದ್ರೂ ಮಾತಾಡಿಸೋದಿರ್ಲಿ. ಗ್ಲಾಸ್ ಚಾನೆಲ್‌ಗೆ ಅಂಟಿರೋವಾಗ ಒತ್ತಿದ್ರೆ ಮೋಟ್ರು ಎಳಿಯುತ್ತೆ, ಗ್ಲಾಸ್ ಬರಲ್ಲ, ಮಧ್ಯದ ಪ್ಲಾಸ್ಟಿಕ್ ಕ್ಲಿಪ್ಪು ಇಲ್ಲಾ ವೈರು ಕಿತ್ತೋಗಿ ಗ್ಲಾಸ್ ಬಾಗ್ಲೊಳಗೆ ಜಾರಿ ಬಿದ್ದೋಗುತ್ತೆ. ಆ ಚಳೀಲಿ ಗ್ಲಾಸ್ ಇಲ್ಲದ ಗಾಡೀಲಿ ಮಕ್ಕಳನ್ನ ಕೂರಿಸ್ಕೊಂಡು ಹೋಗೋದು ಊಹಿಸ್ಕೊಳ್ಳಿ. ಹೀಟರ್ ಹಾಕಿ ಹದಿನೈದು ಇಪ್ಪತ್ತು ನಿಮಿಷ ಓಡಿಸಿದ ಮೇಲೆ ಒಂದ್ಸಲ ಒತ್ತಿ ನೋಡಿ, ಅಲ್ಲಾಡ್ಲಿಲ್ಲ ಅಂದ್ರೆ ಬಿಟ್ಬಿಡಿ.

ಇಂಜಿನ್ ಸ್ಟಾರ್ಟ್ ಮಾಡೋಕೆ ಮುಂಚೆ ಹಿಂದೆ ಹೋಗಿ ಸೈಲೆನ್ಸರ್ ಬಾಯಿ ನೋಡಿ. ಹಿಮ ಅಲ್ಲಿ ಮುಚ್ಚಿದ್ರೆ ಹೊಗೆ ಗಾಡಿ ಕೆಳಗೇ ಸೇರಿ ಒಳಗೆ ಬರುತ್ತೆ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆ ಬಂದಂಗೆ ಆಗಿ ಜೀವ ಹೋಗುತ್ತೆ. 2022ರ ಜನವರೀಲಿ ಪಾಕಿಸ್ತಾನದ ಮುರ್ರೀಲಿ ಹಿಮ ನೋಡೋಕೆ ಹೋಗಿ ರಸ್ತೇಲಿ ಸಿಕ್ಕಾಕೊಂಡು 20ಕ್ಕೂ ಹೆಚ್ಚು ಜನ ಗಾಡಿಗಳಲ್ಲೇ ತೀರಿಕೊಂಡ್ರು, ಮನೆ ಮಂದಿ ಸಮೇತ. ಅದಕ್ಕೇ ಗ್ಲಾಸ್ ಏರಿಸ್ಕೊಂಡು ಹೀಟರ್ ಹಾಕಿ ಗಾಡೀಲಿ ಮಲಗೋದನ್ನ ಯಾವ ಕಾರಣಕ್ಕೂ ಮಾಡ್ಬೇಡಿ.

ಡೀಸೆಲ್ ಗಾಡಿಯವರಿಗೆ ಒಂದು ಮಾತು, ಕೆಳಗೆ ಬಯಲಲ್ಲಿ ತುಂಬಿಸಿದ ಡೀಸೆಲ್ ಕಡು ಚಳೀಲಿ ಮೇಣ ಕಟ್ಟುತ್ತೆ, ಲಡಾಖ್ ಕಡೆಗೆ ಅಂತ ಇಂಡಿಯನ್ ಆಯಿಲ್‌ನವರು 2019ರಲ್ಲಿ ಮೈನಸ್ 33 ಡಿಗ್ರಿ ತನಕ ಹರಿಯೋ ಡೀಸೆಲ್ ತಂದಿದ್ದೇ ಈ ಕಾರಣಕ್ಕೆ, ಮೇಲೆ ಹತ್ತೋವಾಗ ಟ್ಯಾಂಕ್ ಸ್ವಲ್ಪ ಖಾಲಿ ಇಟ್ಕೊಂಡು ಅಲ್ಲಿನ ಬಂಕಲ್ಲೇ ತುಂಬಿಸಿ. ಕಾಶ್ಮೀರಕ್ಕೆ ಹೋಗೋರಾದ್ರೆ ಡಿಸೆಂಬರ್ 21ರಿಂದ 40 ದಿನ ಅವರು ಚಿಲ್ಲೈ ಕಲಾನ್ ಅಂತಾರೆ, ವರ್ಷದ ಅತಿ ಕಡು ಚಳಿ ಆ ದಿನಗಳಲ್ಲೇ, ದಾಲ್ ಸರೋವರದ ಅಂಚೇ ಹೆಪ್ಪುಗಟ್ಟೋ ಕಾಲ, ಮೇಲೆ ಹೇಳಿದ್ದನ್ನ ಒಂದು ದಿನಾನೂ ತಪ್ಪಿಸ್ಬೇಡಿ.

ಮತ್ತೆ ಗಾಡಿ ಲಾಕ್ ಮಾಡಿ ರೂಮಿಗೆ ಹೋಗೋವಾಗ ಕೈಯಲ್ಲಿ ಏನೇನಿರ್ಬೇಕು ಅಂದ್ರೆ, ಕೀ ಒಳಗಿನ ಜೇಬಲ್ಲಿ, ಸ್ಪ್ರೇ ಬಾಟಲಿ, ಟಾರ್ಚು, ಒಣ ಬಟ್ಟೆ, ಮತ್ತೆ ಮಕ್ಕಳದ್ದು, ವಯಸ್ಸಾದೋರದ್ದು ಔಷಧಿ ಬ್ಯಾಗು. ಎಷ್ಟೇ ಸುಸ್ತಾಗಿರ್ಲಿ, ಬೆಳಗ್ಗೆ ತಗೊಳ್ಳೋಣ ಅಂತ ಔಷಧಿ ಮಾತ್ರ ಕಾರಲ್ಲಿ ಬಿಡ್ಬೇಡಿ. ಅಕ್ಕ ಈಗ ನಂದಿ ಬೆಟ್ಟಕ್ಕೆ ಹೋದ್ರೂ ಆ ಬ್ಯಾಗನ್ನ ಹೆಗಲಿಗೇ ಹಾಕ್ಕೊಂಡಿರ್ತಾಳೆ.